ಕೇಬಲ್ಲಿನ ತುದಿಗೆ ಯಾವ ಪಿನ್ನು?

ಮಳೆ ಜೋರಾದಾಗ ಡಿಶ್ಶಿನಿಂದ ಬರುವ ಟಿವಿ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ. ಅದು ಮಳೆಯದೇ ತಪ್ಪು. ಉಪಗ್ರಹದಿಂದ ಇಳಿಯುವ ಕೆಯು ಬ್ಯಾಂಡಿನ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು; ದಪ್ಪ ಹನಿಗಳು ಅವನ್ನು ಹೀರುತ್ತವೆ, ಚದುರಿಸುತ್ತವೆ. ಆದರೆ ಮಳೆ ನಿಂತು ಬಿಸಿಲು ಬಿದ್ದ ಮೇಲೂ ಚಿತ್ರ ಮರಳದಿದ್ದರೆ ಮೋಡವನ್ನು ಬೈದು ಪ್ರಯೋಜನವಿಲ್ಲ. ತಾರಸಿ ಹತ್ತಿ, ಡಿಶ್ಶಿನ ಎದುರು ಚಾಚಿಕೊಂಡು ಸಂಕೇತ ಹಿಡಿಯುವ ಎಲ್‌ಎನ್‌ಬಿಗೆ ಕೇಬಲ್ ಸೇರುವ ಜಾಗವನ್ನು ನೋಡಬೇಕು. ಅಲ್ಲಿ ತಿರುಪಿ ಕೂರಿಸಿರುವ ಪುಟ್ಟ ಲೋಹದ ತುಣುಕಿನ, ಅಂದರೆ ಎಫ್ ಕನೆಕ್ಟರಿನ, ಒಳಗೆ ಕಿಲುಬು ಹಿಡಿದಿರುವ ಸಾಧ್ಯತೆ ಬಹಳ.

ಕೇಬಲ್ಲಿಗೆ ಸಾವಿರ ಸುರಿಯುವವರೂ ಕನೆಕ್ಟರಿನ ವಿಷಯ ಬಂದಾಗ ‘ಯಾವುದಾದರೂ ಒಂದು ಪಿನ್ ಕೊಡಿ’ ಎನ್ನುತ್ತಾರೆ. ಮನೆಯ ವಿದ್ಯುತ್ ವೈರಿನ ಅಭ್ಯಾಸವದು. ಅಲ್ಲಿ ಎರಡು ತಂತಿ ಸುಲಿದು, ತಿರುಚಿ, ಟೇಪು ಸುತ್ತಿದರೂ ಬಲ್ಬು ಉರಿಯುತ್ತದೆ. ಸೆಕೆಂಡಿಗೆ 50 ಸಲ ತೂಗುವ ಆ ಕರೆಂಟಿನ ಅಲೆಯ ಉದ್ದ ಸುಮಾರು 6,000 ಕಿಲೋಮೀಟರ್. ಅಷ್ಟುದ್ದದ ಅಲೆಗೆ ಒಂದಂಗುಲದ ಒರಟು ಜೋಡಣೆ ಲೆಕ್ಕಕ್ಕೇ ಇಲ್ಲ. ಎಲ್‌ಎನ್‌ಬಿಯಿಂದ ಸೆಟ್‌ಟಾಪ್ ಬಾಕ್ಸಿಗೆ ಇಳಿಯುವ ಸಂಕೇತವಾದರೋ 950ರಿಂದ 2,150 ಮೆಗಾಹರ್ಟ್ಸ್ ಒಳಗಿನದು. ಇದರ ಮೇಲಿನ ತುದಿಯಲ್ಲಿ, ಕೇಬಲ್ಲಿನೊಳಗೆ, ಅಲೆಯ ಉದ್ದ 12 ಸೆಂಟಿಮೀಟರ್ ದಾಟುವುದಿಲ್ಲ. ಈಗ ಎರಡು ಸೆಂಟಿಮೀಟರಿನ ಕನೆಕ್ಟರ್ ಸಣ್ಣ ವಸ್ತುವಲ್ಲ.

ಕೋಆಕ್ಸಿಯಲ್ ಕೇಬಲ್ಲನ್ನು ಅಡ್ಡ ಕತ್ತರಿಸಿ ನೋಡಿ. ನಡುವೆ ಒಂದು ತಂತಿ, ಸುತ್ತ ಬಿಳಿ ಪ್ಲಾಸ್ಟಿಕ್ಕು, ಅದರ ಮೇಲೆ ಲೋಹದ ಹಾಳೆ ಮತ್ತು ಹೆಣೆದ ಜಾಳಿಗೆ, ಹೊರಗೆ ಕವಚ. ಇಂಥ ರಚನೆಗೆ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲೇ ಪೇಟೆಂಟ್ ಪಡೆದಿದ್ದ. ಸಂಕೇತದ ಶಕ್ತಿ ಸಾಗುವುದು ತಂತಿಯ ಹೊಟ್ಟೆಯೊಳಗಲ್ಲ, ತಂತಿಗೂ ಜಾಳಿಗೆಗೂ ನಡುವಿನ ಆ ಬಿಳಿ ಭಾಗದಲ್ಲಿ. ಒಳ-ಹೊರ ಲೋಹಗಳ ವ್ಯಾಸ ಒಂದಕ್ಕೊಂದು ಎಷ್ಟು ಪಟ್ಟು, ನಡುವೆ ಏನು ತುಂಬಿದೆ ಎಂಬ ಎರಡು ಸಂಗತಿಗಳಿಂದ ಕೇಬಲ್ಲಿನ ಇಂಪಿಡೆನ್ಸ್, ಅಂದರೆ ಸಾಗುವ ಅಲೆಗೆ ಅದು ಒಡ್ಡುವ ತಡೆ, ನಿಗದಿಯಾಗುತ್ತದೆ. ನಡುವೆ ಬರೀ ಗಾಳಿ ಇದ್ದರೆ, ಹೊರವ್ಯಾಸ ಒಳವ್ಯಾಸದ 2.3 ಪಟ್ಟಾದಾಗ 50 ಓಮ್, 3.5 ಪಟ್ಟಾದಾಗ 75 ಓಮ್. ಕೇಬಲ್ ಹತ್ತು ಮೀಟರಿರಲಿ, ನೂರಿರಲಿ, ಈ ಸಂಖ್ಯೆ ಅದೇ. ಮಲ್ಟಿಮೀಟರ್ ಹಿಡಿದು ಹುಡುಕಿದರೆ ಸಿಗುವಂಥದ್ದೂ ಅಲ್ಲ.

ಆದ್ದರಿಂದ ಕನೆಕ್ಟರ್ ಎರಡು ಲೋಹಗಳನ್ನು ತಾಗಿಸಿದರಷ್ಟೇ ಸಾಲದು, ಕೇಬಲ್ಲಿನ ಆಕಾರವನ್ನೇ ಮುಂದಕ್ಕೆ ಒಯ್ಯಬೇಕು. ಒಂದೇ ಅಗಲದ ಕಾಲುವೆ ಥಟ್ಟನೆ ಕಿರಿದಾದರೆ ಅಲೆಯ ಒಂದು ಪಾಲು ಹಿಂದಕ್ಕೆ ಪುಟಿಯುತ್ತದಲ್ಲ, ಇಂಪಿಡೆನ್ಸ್ ಬದಲಾದಲ್ಲಿ ಸಂಕೇತಕ್ಕೂ ಅದೇ ಗತಿ. 50 ಓಮಿಗೆ 75 ಓಮ್ ಸೇರಿಸಿದರೆ ಶಕ್ತಿಯ ಶೇಕಡಾ 4ರಷ್ಟು ಹಿಂದಿರುಗುತ್ತದೆ. ಪ್ರಳಯವೇನಲ್ಲ, ನಿಜ. ಆದರೆ ಕೇಬಲ್ಲಿನ ಎರಡೂ ತುದಿಯಲ್ಲಿ ಹೀಗಾದಾಗ ಸಂಕೇತ ಒಳಗೇ ಹಿಂದೆ-ಮುಂದೆ ಓಡಾಡಿ ತಡವಾಗಿ ಮತ್ತೆ ತಲುಪುತ್ತದೆ. ಹಳೆಯ ಟಿವಿಗಳಲ್ಲಿ ಮನುಷ್ಯರ ಪಕ್ಕದಲ್ಲೊಂದು ನೆರಳು ಮೂಡುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಎರಡು ಸಂಖ್ಯೆಗಳಾದರೂ ಏಕೆ? ಗಾಳಿ ತುಂಬಿದ ಕೋಆಕ್ಸಿಯಲ್ ಕೊಳವೆಯಲ್ಲಿ ಸಂಕೇತ ಅತಿ ಕಡಿಮೆ ಸೊರಗುವುದು 77 ಓಮಿನ ಹತ್ತಿರ, ಅತಿ ಹೆಚ್ಚು ಶಕ್ತಿ ತಡೆದುಕೊಳ್ಳುವುದು 30 ಓಮಿನ ಹತ್ತಿರ. ಪ್ರಸಾರ ಮಾಡುವವರಿಗೆ ಎರಡೂ ಬೇಕು, ಹಾಗಾಗಿ ರಾಜಿಯಾಗಿ 50. ಬರೀ ಸಂಕೇತ ಹಿಡಿಯುವವರಿಗೆ 75. ಟಿವಿ, ಡಿಶ್, ಸಿಸಿಟಿವಿ ಎಲ್ಲ 75ರ ಮನೆತನ. ವಾಕಿಟಾಕಿ, ಹ್ಯಾಮ್ ರೇಡಿಯೋ, ಮೊಬೈಲ್ ಟವರ್, ವೈಫೈ 50ರದ್ದು. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಎರಡನೆಯದು, ಅಲೆ ಎಷ್ಟು ಉದ್ದ.

ಈ ಎರಡನೆಯ ಪ್ರಶ್ನೆ ಅನೇಕ ಅನಗತ್ಯ ಚಿಂತೆಗಳನ್ನು ಕಳೆಯುತ್ತದೆ. ಸಿಸಿಟಿವಿ ಕ್ಯಾಮೆರಾಗಳ ಬಾಲದಲ್ಲಿರುವ ಬಿಎನ್‌ಸಿಯನ್ನೇ ನೋಡಿ: ಒತ್ತಿ ಕಾಲು ಸುತ್ತು ತಿರುಗಿಸಿದರೆ ಕಚ್ಚಿಕೊಳ್ಳುವ ಪಿನ್ನು. ಬೆಲ್ ಪ್ರಯೋಗಾಲಯದ ಪಾಲ್ ನೀಲ್ ಮತ್ತು ಆಂಫೆನಾಲ್ ಕಂಪನಿಯ ಕಾರ್ಲ್ ಕಾನ್ಸೆಲ್‌ಮನ್ ಅವರ ಹೆಸರು ಅದಕ್ಕೆ ಅಂಟಿಕೊಂಡಿದೆ. ಪೇಟೆಂಟ್ ಮಾತ್ರ 1951ರಲ್ಲಿ ಆಕ್ಟೇವಿಯೋ ಸಲಾಟಿಗೆ ಸಿಕ್ಕಿತು. ಇದರಲ್ಲಿ 50 ಓಮಿನದೂ ಉಂಟು, 75 ಓಮಿನದೂ ಉಂಟು, ಒಂದರೊಳಗೊಂದು ಸಲೀಸಾಗಿ ಕೂರುತ್ತವೆ. ಕಾಲೇಜು ಲ್ಯಾಬಿನ ಆಸಿಲೋಸ್ಕೋಪಿನ 50 ಓಮ್ ಬಿಎನ್‌ಸಿ ತಂದು ಸಿಸಿಟಿವಿಗೆ ಹಾಕಿದರೆ ಕೆಡುತ್ತದೆಯೇ? ಇಲ್ಲ. ಆ ವಿಡಿಯೋ ಸಂಕೇತ ಕೆಲವು ಹತ್ತು ಮೆಗಾಹರ್ಟ್ಸಿನದು, ಅಲೆಯ ಉದ್ದ ಮೀಟರುಗಟ್ಟಲೆ. ಮೂರು ಸೆಂಟಿಮೀಟರಿನ ಪಿನ್ನನ್ನು ಅದು ಗಮನಿಸುವುದೂ ಇಲ್ಲ. ಆದರೆ ನೂರು ಮೀಟರ್ ಓಡುವ ಕೇಬಲ್ಲು 75ರದ್ದೇ ಆಗಿರಬೇಕು. ಅದೇ ಬಿಎನ್‌ಸಿ ಟಿವಿ ಸ್ಟುಡಿಯೋದಲ್ಲಿ ಸೆಕೆಂಡಿಗೆ 148.5 ಕೋಟಿ ಬಿಟ್ ಸಾಗಿಸುವಾಗ ನಿಯಮ ಬದಲಾಗುತ್ತದೆ. ಅಲ್ಲಿ 75 ಓಮಿನದೇ ಬೇಕು.

ಎಲ್ಲಕ್ಕಿಂತ ಅಗ್ಗದ ಎಫ್ ಕನೆಕ್ಟರ್ ಮೇಲೆ ನನಗೊಂದು ವಿಶೇಷ ಗೌರವ. ಅದು 1950ರ ದಶಕದಲ್ಲಿ ಅಮೆರಿಕದ ಕೇಬಲ್ ಟಿವಿಗಾಗಿ ಹುಟ್ಟಿದ್ದು. ಜೆರಾಲ್ಡ್ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿದ್ದ ಎರಿಕ್ ವಿನ್‌ಸ್ಟನ್ ರೂಪಿಸಿದ್ದು. ಅದರಲ್ಲಿ ಪಿನ್ನೇ ಇಲ್ಲ! ಕೇಬಲ್ಲಿನ ನಡುತಂತಿಯೇ ನೇರ ಮುಂದೆ ಬಂದು ಸಾಕೆಟ್ಟಿಗೆ ತೂರುತ್ತದೆ. ಬಿಡಿಭಾಗ ಕಡಿಮೆ, ಬೆಲೆ ಕಡಿಮೆ, ಆಕಾರ ಕೆಡುವ ಅವಕಾಶವೂ ಕಡಿಮೆ. ಆ ತಂತಿ ತಾಮ್ರ ಲೇಪಿಸಿದ ಉಕ್ಕು ಎಂದು ತಿಳಿದಾಗ ಮೋಸ ಹೋದೆವೆಂದು ಕೆಲವರು ಭಾವಿಸುತ್ತಾರೆ. ಮೋಸವೇನಿಲ್ಲ. 1,000 ಮೆಗಾಹರ್ಟ್ಸಿನಲ್ಲಿ ಕರೆಂಟು ಬಹುಪಾಲು ಹರಿಯುವುದು ಮೇಲ್ಮೈಯ ಎರಡು ಮೈಕ್ರೋಮೀಟರಿನಷ್ಟು ಪದರದಲ್ಲಿ. ಸಂಕೇತದ ಮಟ್ಟಿಗೆ ಒಳಗಿನ ಉಕ್ಕು ಬರೀ ಬಲಕ್ಕೆ.

ಈ ಜಾಣತನಕ್ಕೊಂದು ಬೆಲೆಯಿದೆ: ಜೋಡಿಸುವವರ ಕೈ ಶುದ್ಧವಿರಬೇಕು. ನಡುತಂತಿ ನಟ್ಟಿನ ಅಂಚಿನಿಂದ ಎರಡು-ಮೂರು ಮಿಲಿಮೀಟರ್ ಹೊರಗಿರಬೇಕು. ಜಾಳಿಗೆಯ ಒಂದೇ ಒಂದು ಎಳೆ ಅದಕ್ಕೆ ತಾಗಿದರೂ ಶಾರ್ಟ್. ಗಾತ್ರವೂ ತಾಳೆಯಾಗಬೇಕು. ಆರ್‌ಜಿ-59 ಕೇಬಲ್ಲಿನ ಹೊರವ್ಯಾಸ ಸುಮಾರು 6 ಮಿಲಿಮೀಟರ್, ಆರ್‌ಜಿ-6ರದ್ದು 7. ಕಣ್ಣಿಗೆ ಎರಡೂ ಒಂದೇ. ಒಂದರ ಕನೆಕ್ಟರನ್ನು ಇನ್ನೊಂದಕ್ಕೆ ತುರುಕಿದರೆ ಕವಚ ಹರಿಯುತ್ತದೆ ಇಲ್ಲವೇ ಇಡೀ ಕನೆಕ್ಟರ್ ಅಲುಗಾಡುತ್ತದೆ. ಆರ್‌ಜಿ-11ರ ನಡುತಂತಿ 1.6 ಮಿಲಿಮೀಟರ್ ದಪ್ಪ. ಅದನ್ನು ಹಾಗೇ ಒತ್ತಿದರೆ ಸಾಕೆಟ್ಟಿನ ಸ್ಪ್ರಿಂಗು ಅಗಲವಾಗಿ ಮುಂದೆ ತೆಳುತಂತಿಯನ್ನು ಹಿಡಿಯದು. ಅದಕ್ಕೆಂದೇ ಪ್ರತ್ಯೇಕ ಪಿನ್ನಿರುವ ಎಫ್ ಕನೆಕ್ಟರ್ ಬರುತ್ತದೆ.

ಕೂರಿಸುವ ಬಗೆ ಮೂರು. ಕೈಯಲ್ಲೇ ತಿರುಪುವುದು, ಇಕ್ಕಳದಲ್ಲಿ ಒತ್ತುವ ಕ್ರಿಂಪ್, ಹೊರ ಉಂಗುರವನ್ನು ಸುತ್ತಲೂ ಸಮನಾಗಿ ಒಳಕ್ಕೆ ದೂಡುವ ಕಂಪ್ರೆಶನ್. ತಿರುಪುವ ಜಾತಿ ಗೋಡೆಯ ಒಳಗಡೆಗಾದರೆ ಸರಿ. ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ, ಗಾಳಿಗೆ ಅಲ್ಲಾಡುವ ತಾರಸಿಯ ಮೇಲೆ ಅದನ್ನು ಹಾಕುವುದು ತಂತ್ರಜ್ಞನನ್ನು ಮತ್ತೊಮ್ಮೆ ಕರೆಸಿಕೊಳ್ಳುವ ಏರ್ಪಾಡು, ಅಷ್ಟೇ.

ಅಲ್ಲಿ ನಿಜವಾದ ಶತ್ರು ನೀರು. ಆರ್‌ಜಿ-6ರ ಬಿಳಿ ನೊರೆಪ್ಲಾಸ್ಟಿಕ್ಕಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಎರಡಕ್ಕಿಂತ ಕಡಿಮೆ. ನೀರಿನದ್ದು 80ರ ಹತ್ತಿರ. ಒಂದು ಹನಿ ಒಳಸೇರಿತೆಂದರೆ 75 ಓಮಿನ ಲೆಕ್ಕವೆಲ್ಲ ತಲೆಕೆಳಗು. ಇದರ ಜೊತೆಗೆ ಸೆಟ್‌ಟಾಪ್ ಬಾಕ್ಸು ಇದೇ ಕೇಬಲ್ಲಿನಲ್ಲಿ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟಿನ ನೇರ ವಿದ್ಯುತ್ತನ್ನು ಕಳಿಸುತ್ತಿರುತ್ತದೆ. ತಾಮ್ರ, ನೀರು, ನೇರ ವಿದ್ಯುತ್ತು ಒಂದೆಡೆ ಸೇರಿದ ಮೇಲೆ ಕೇಳಬೇಕೆ, ವಿದ್ಯುದ್ವಿಭಜನೆ ನಡೆದು ತಂತಿ ಕರಗತೊಡಗುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ಹೊರಗಡೆಗೆ ರಬ್ಬರ್ ಉಂಗುರವಿರುವ ಕಂಪ್ರೆಶನ್ ಕನೆಕ್ಟರ್, ಅದರ ಮೇಲೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪು. ಕೇಬಲ್ಲನ್ನು ಕನೆಕ್ಟರಿಗಿಂತ ಸ್ವಲ್ಪ ಕೆಳಗೆ ಜೋತು ಬಿಡಬೇಕು, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ.

50 ಓಮಿನ ಕಡೆಯವರಿಗೆ ಎರಡು ಮಾತು. ಹ್ಯಾಮ್‌ಗಳ ಪ್ರೀತಿಯ ಪಿಎಲ್-259 ಕನೆಕ್ಟರ್ ಯಾವುದೇ ನಿಗದಿತ ಇಂಪಿಡೆನ್ಸ್ ಕಾಯುವುದಿಲ್ಲ. 30 ಮೆಗಾಹರ್ಟ್ಸಿನ ಕೆಳಗೆ ಅದು ಸಾಕೋ ಸಾಕು, 400 ದಾಟಿದರೆ ಎನ್ ಕನೆಕ್ಟರಿಗೆ ಹೋಗಿ, ಅದು ನೀರನ್ನೂ ತಡೆಯುತ್ತದೆ. ವೈಫೈ ರೂಟರಿನ ಆಂಟೆನಾ ಬದಲಿಸುವವರು ಒಳಗಡೆ ಇಣುಕಿ ನೋಡಿಯೇ ಕೊಳ್ಳಿ. ಮಾಮೂಲಿ ಎಸ್‌ಎಂಎ, ತಿರುಗುಮುರುಗು ಆರ್‌ಪಿ-ಎಸ್‌ಎಂಎ ಎರಡರ ತಿರುಪೂ ಒಂದೇ, ಪಿನ್ನೂ ರಂಧ್ರವೂ ಅದಲುಬದಲು. ಜನ ಮನಬಂದ ಆಂಟೆನಾ ಹಚ್ಚದಿರಲೆಂದು ಅಮೆರಿಕದ ನಿಯಮವೊಂದು ವಿಶಿಷ್ಟ ಜೋಡಣೆಯನ್ನು ಬೇಡಿದ್ದರ ಫಲ ಇದು. ತಪ್ಪು ಜೋಡಿ ಸಿಕ್ಕರೆ ಬಿಗಿಯಾಗಿ ಕೂರುತ್ತದೆ, ಒಳಗೆ ರಂಧ್ರಕ್ಕೆ ರಂಧ್ರ ಎದುರಾಗಿ ಏನೂ ತಾಗಿರುವುದಿಲ್ಲ. ಪಿನ್ನಿಗೆ ಪಿನ್ನು ಎದುರಾದರೆ ಎರಡೂ ಹಾಳು.

ಅಂಗಡಿಗೆ ಹೋಗುವಾಗ ನಿಮ್ಮ ಕೇಬಲ್ಲಿನ ಗೇಣುದ್ದದ ತುಂಡೊಂದನ್ನು ಜೊತೆಗೆ ಒಯ್ಯಿರಿ. ಕವಚದ ಮೇಲೆ ಅಚ್ಚಾಗಿರುವ ಆರ್‌ಜಿ ಸಂಖ್ಯೆಯನ್ನು ಓದಿ ಹೇಳಿ, ಅದಕ್ಕೇ ಮಾಡಿದ ಕನೆಕ್ಟರನ್ನು ಕೇಳಿ.