ನಾಲ್ಕು ಮಂದಿ ಏನೆಂದಾರು?



ಗೋಪನಕೊಪ್ಪವು ಈಗ ಹುಬ್ಬಳ್ಳಿ ಶಹರದಲ್ಲಿ ಸೇರಿಹೋಗಿದೆ. ಅದರ ಸುತ್ತಲಿನ ಸೀಮೆಯ ರೈತನು ಕಡಲೆ ಚೀಲ ಹೇರಿಕೊಂಡು ಅಮರಗೋಳದ ಮಾರುಕಟ್ಟೆಗೆ ಹೋದಾಗ ದಲಾಲರ ಮುಂದೆ ಮೆತ್ತಗೆ ಮಾತಾಡುತ್ತಾನೆ. ಸಂಜೆ ಮನೆಗೆ ಬಂದರೆ ಅವನೇ ಯಜಮಾನ, ದನಿ ಏರುತ್ತದೆ. ಬೀಗರ ಮನೆಗೆ ಹೋದರೆ ಬೇರೆಯೇ ಬಿಗುಮಾನ. ಮನುಷ್ಯ ಒಬ್ಬನೇ, ಪಾತ್ರಗಳು ಮೂರು. ದೊಡ್ಡಾಟದಲ್ಲಿ ಭೀಮನ ವೇಷ ಹಾಕಿದವನು ಮೆತ್ತಗೆ ಮಾತಾಡಿದರೆ ನೋಡುವವರು ಒಪ್ಪುವುದಿಲ್ಲ. ಸಂಸಾರದಲ್ಲಿಯೂ ಹಾಗೆಯೇ. ಮಂದಿ ಬಯಸಿದಂತೆ ನಾವು ನಡೆಯುತ್ತೇವೆ.

ಇದರಿಂದ ಉಪಯೋಗವೂ ಉಂಟು. ಹಿರಿಯರು ಬುದ್ಧಿ ಹೇಳಬೇಕು, ನೆರೆಯವರು ಮುಯ್ಯಾಳಾಗಿ ಬರಬೇಕು ಎಂಬ ರೂಢಿ ಇರುವುದರಿಂದಲೇ ಊರು ನಡೆಯುತ್ತದೆ. ಆದರೆ ರೂಢಿಯನ್ನೇ ಹುಟ್ಟುಗುಣವೆಂದು ತಿಳಿದಾಗ ಹಾನಿ ಮೊದಲಾಗುತ್ತದೆ.

ಒಕ್ಕಲುತನವನ್ನೇ ನೋಡಿರಿ. ಕೂರಿಗೆಯ ಬಟ್ಟಲಿಗೆ ಬೀಜ ಬಿಡುವವಳು, ಕಳೆ ತೆಗೆಯುವವಳು, ಬೀಜ ಕಾದಿಡುವವಳು, ಹೈನು ನೋಡುವವಳು ಹೆಣ್ಣುಮಗಳು. ಆದರೂ ‘ರೈತ’ ಎಂದಕೂಡಲೆ ನಮ್ಮ ಕಣ್ಣ ಮುಂದೆ ನಿಲ್ಲುವವನು ಗಂಡಸು. ಕೃಷಿ ಸಭೆಗೆ ಅವಳನ್ನು ಕರೆಯುವುದಿಲ್ಲ. ಕರೆಯದ್ದರಿಂದ ಅವಳು ಬರುವುದಿಲ್ಲ. ಬಾರದಿದ್ದುದಕ್ಕೆ ‘ಅವಳಿಗೆ ಇದೆಲ್ಲ ತಿಳಿಯುವುದಿಲ್ಲ’ ಎನ್ನುತ್ತೇವೆ. ನಾವೇ ಕಟ್ಟಿದ ಬೇಲಿಯನ್ನು ಅವಳ ಗುಣವೆಂದು ಹೇಳಿದಂತಾಯಿತು.

ಪಂಚಾಯತಿಯ ಮಾತೂ ಹೀಗೆಯೇ. ನಮ್ಮ ರಾಜ್ಯದ 1983ರ ಕಾಯಿದೆಯು ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. 1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದು ದೇಶದಲ್ಲೆಲ್ಲ ಮೂರನೆಯ ಒಂದು ಪಾಲಾಯಿತು. 2010ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಅರ್ಧ ಪಾಲಾಯಿತು. ಕುರ್ಚಿಯನ್ನು ಕಾನೂನು ಕೊಟ್ಟಿತು. ಆದರೆ ಎಷ್ಟೋ ಕಡೆ ಸದಸ್ಯೆಯ ಪರವಾಗಿ ಗಂಡನೇ ಮಾತಾಡುತ್ತಾನೆ. ಊರವರೂ ತಮ್ಮ ಅಹವಾಲನ್ನು ಅವನಿಗೇ ಹೇಳುತ್ತಾರೆ. ಊರವರು ಅವಳನ್ನೇ ಕೇಳತೊಡಗಿದಲ್ಲಿ, ಮೊದಲ ಸಭೆಯಲ್ಲಿ ಸೆರಗು ಹಿಡಿದು ಕುಳಿತವಳು ನೀರಿನ ನಳ, ಶಾಲೆ, ಪಡಿತರದ ಲೆಕ್ಕ ಕೇಳುವಂತಾಗಿದ್ದಾಳೆ. ಹೆಣ್ಣುಮಗಳು ಅವಳೇ, ಊರವರು ಅವಳಿಂದ ಬಯಸಿದ್ದು ಮಾತ್ರ ಬೇರೆಯಾಯಿತು.

ಗಂಡಸಿನ ಪಾತ್ರವೂ ಹಗುರಲ್ಲ. ಯಜಮಾನನು ಎದೆಗುಂದಬಾರದು, ಮಗಳ ಮದುವೆಯನ್ನು ಊರು ಮೆಚ್ಚುವಂತೆ ಮಾಡಬೇಕು, ಸಾಲದ ಮಾತನ್ನು ಹೊರಗೆಡಹಬಾರದು ಎಂದು ನಾವು ಬಯಸುತ್ತೇವೆ. ಮಳೆ ಕೈಕೊಟ್ಟ ವರ್ಷವೂ ಅವನು ಕೈಗಡ ತಂದು ಮಂಟಪ ಹಾಕಿಸುತ್ತಾನೆ. ಬಡ್ಡಿ ಬೆಳೆದರೂ ಹೆಂಡತಿಗೆ ಹೇಳುವುದಿಲ್ಲ. ಅವನಿಗೆ ಏನಾದರೂ ಆದರೆ, ಸಾಲ ಎಷ್ಟು, ಉತಾರ ಎಲ್ಲಿ, ಬೆಳೆ ವಿಮೆ ಕಟ್ಟಿದೆಯೋ ಇಲ್ಲವೋ ಎಂಬುದು ತಿಳಿಯದೆ ಆ ತಾಯಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಒಬ್ಬನು ಹೇಳಬಾರದು, ಇನ್ನೊಬ್ಬಳು ಕೇಳಬಾರದು ಎಂಬ ಎರಡು ರೂಢಿಗಳು ಕೂಡಿ ಒಂದು ಮನೆತನವನ್ನೇ ಮುಳುಗಿಸಬಲ್ಲವು.

‘ನಾಲ್ಕು ಮಂದಿ ಏನೆಂದಾರು?’ ಎಂದು ಎಲ್ಲರೂ ಅಂಜುತ್ತೇವೆ. ನೆರೆಮನೆಯವನಿಗೆ ಆ ನಾಲ್ಕು ಮಂದಿಯಲ್ಲಿ ನಾವೂ ಒಬ್ಬರೆಂಬುದನ್ನು ಮರೆಯಬಾರದು. ಆದ್ದರಿಂದ ರೂಢಿಯನ್ನು ಸಡಿಲಿಸುವುದು ನಮ್ಮ ಕೈಯಲ್ಲಿಯೇ ಇದೆ. ಇಷ್ಟನ್ನು ಮಾಡಿ ನೋಡಿರಿ:

1. ಬೀಜ, ಗೊಬ್ಬರ, ಸಾಲದ ಲೆಕ್ಕವನ್ನು ಗಂಡ-ಹೆಂಡತಿ ಕೂಡಿ ಬರೆದಿಡಿರಿ. ಉತಾರ, ಬ್ಯಾಂಕಿನ ಪಾಸ್‌ಬುಕ್ಕು, ವಿಮೆಯ ರಸೀದಿ ಎಲ್ಲಿವೆ ಎಂಬುದು ಇಬ್ಬರಿಗೂ ಗೊತ್ತಿರಲಿ.

2. ರೈತ ಸಂಪರ್ಕ ಕೇಂದ್ರಕ್ಕೂ ಕೃಷಿ ಸಭೆಗೂ ಇಬ್ಬರೂ ಹೋಗಿರಿ.

3. ಗ್ರಾಮಸಭೆಯಲ್ಲಿ ಸದಸ್ಯೆಯನ್ನೇ ಪ್ರಶ್ನೆ ಕೇಳಿರಿ. ಅವಳೇ ಉತ್ತರ ಹೇಳುವ ತನಕ ಕಾಯಿರಿ.

4. ನೆರೆಯವನು ಮಗಳ ಮದುವೆಯನ್ನು ಸರಳವಾಗಿ ಮಾಡಿದರೆ ಆಡಿಕೊಳ್ಳಬೇಡಿರಿ. ಮುಂದೆ ನಿಂತು ನಡೆಸಿಕೊಡಿರಿ.