ಹೆಪ್ಪನ್ನು ಹೀರಿದ ಮಾತ್ರಕ್ಕೆ

ಹೃದಯಕ್ಕೆ ರಕ್ತವನ್ನೊಯ್ಯುವ ಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತವು ಅಡ್ಡನಿಂತು ಆಘಾತವುಂಟಾದಾಗ, ಆ ಹೆಪ್ಪನ್ನು ಸೂಕ್ಷ್ಮವಾದ ನಳಿಕೆಯೊಂದರಿಂದ ಹೀರಿ ತೆಗೆದು ಅನಂತರ ಸ್ಟೆಂಟನ್ನು ಕೂರಿಸುವುದು ಯುಕ್ತವೆಂದು ಯಾರಿಗಾದರೂ ತೋರುವುದು ಸಹಜವೇ. ಹಾಗೆ ಹೀರದೆ ಬಿಟ್ಟರೆ ಅದರ ಚೂರುಗಳು ಮುಂದೆ ಸರಿದು ಕಿರುನಾಳಗಳನ್ನು ಮುಚ್ಚಿಯಾವೆಂಬ ಭಯವೂ ನಿರಾಧಾರವಾದುದಲ್ಲ. ನೆದರ್ಲೆಂಡ್ಸಿನ ಗ್ರೋನಿಂಗೆನ್ ನಗರದ ವೈದ್ಯರು 1071 ಮಂದಿ ರೋಗಿಗಳನ್ನು ಪರೀಕ್ಷೆಗೊಳಪಡಿಸಿ 2008ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಈ ಚಿಕಿತ್ಸೆ ಪಡೆದವರ ಪೈಕಿ ವರ್ಷದೊಳಗೆ ಮೃತರಾದವರು ಕಡಮೆಯೆಂದು ಕಂಡುಬಂದಮೇಲಂತೂ ಅದರ ಮೇಲಣ ವಿಶ್ವಾಸ ಬಲವಾಯಿತು.

ಯುಕ್ತಿಗೆ ಒಪ್ಪಿದುದೆಲ್ಲವೂ ದೇಹಕ್ಕೆ ಹಿತವಾಗಲೇಬೇಕೆಂಬ ನಿಯಮವುಂಟೆ? ಈ ಪ್ರಶ್ನೆಗೆ ಉತ್ತರ ದೊರೆತುದು ಸ್ವೀಡನ್ನಿನಲ್ಲಿ. ಬಿಡಿಬಿಡಿಯಾಗಿದ್ದ ಹೃದ್ರೋಗ ನೋಂದಣಿಗಳನ್ನು ಆ ದೇಶದವರು 2009ರಲ್ಲಿ ಒಂದುಗೂಡಿಸಿ ಸ್ವೀಡ್‌ಹಾರ್ಟ್ ಎಂಬ ಹೆಸರಿನಲ್ಲಿ ನಡೆಸಿಕೊಂಡು ಬಂದಿದ್ದಾರೆ. ಪ್ರತಿಯೊಬ್ಬ ನಿವಾಸಿಗೂ ಜೀವಮಾನವಿಡೀ ಒಂದೇ ಗುರುತಿನ ಸಂಖ್ಯೆ ಇರುವುದರಿಂದ, ಆಸ್ಪತ್ರೆಯಿಂದ ಮನೆಗೆ ಹೋದವನು ಬದುಕಿರುವನೋ ಇಲ್ಲವೋ ಎಂಬುದು ಸರ್ಕಾರದ ಜನಸಂಖ್ಯಾ ದಾಖಲೆಯಿಂದಲೇ ತಿಳಿದುಬರುತ್ತದೆ.

ಆದರೂ ದಾಖಲೆಯೊಂದೇ ಸಾಲದು. ವೈದ್ಯನು ತನ್ನ ವಿವೇಚನೆಯಿಂದ ದೊಡ್ಡ ಹೆಪ್ಪಿರುವವರಿಗೇ ನಳಿಕೆಯನ್ನು ಬಳಸಿದನಾದರೆ, ಮೊದಲೇ ಹೆಚ್ಚು ಅಪಾಯದಲ್ಲಿದ್ದವರನ್ನು ಉಳಿದವರೊಡನೆ ತೂಗಿ ನೋಡಿದಂತಾಗಿ, ತೀರ್ಪು ಚಿಕಿತ್ಸೆಗೂ ಅನ್ಯಾಯ, ರೋಗಿಗೂ ಅನ್ಯಾಯ. ಓರೆಬ್ರೂ ನಗರದ ಹೃದಯವೈದ್ಯ ಓಲೆ ಫ್ರೊಬರ್ಟ್ ಹಾಗೂ ಅವರ ಸಹೋದ್ಯೋಗಿಗಳು ಆ ನಿತ್ಯದ ದಾಖಲೆಯೊಳಗೇ ಯಾದೃಚ್ಛಿಕ ಹಂಚಿಕೆಯನ್ನು ಅಳವಡಿಸಿ, ಯಾರಿಗೆ ಹೀರುವುದು, ಯಾರಿಗೆ ಬಿಡುವುದು ಎಂಬ ಆಯ್ಕೆಯನ್ನು ವೈದ್ಯನ ಇಚ್ಛೆಗೆ ಬಿಡದೆ ಗಣಕಯಂತ್ರಕ್ಕೆ ಒಪ್ಪಿಸಿದುದು ಈ ಕಾಲದ ವೈದ್ಯಶಾಸ್ತ್ರದಲ್ಲಿ ನಾನು ಬಹುವಾಗಿ ಮೆಚ್ಚುವ ಕಾರ್ಯಗಳಲ್ಲೊಂದು. ಪ್ರತ್ಯೇಕ ಪರೀಕ್ಷೆಗೆ ತಗಲುವ ಅಪಾರ ವೆಚ್ಚವಿಲ್ಲ. ಆಸ್ಪತ್ರೆಯ ಸಿಬ್ಬಂದಿ ಎಂದಿನಂತೆ ಬರೆದಿಟ್ಟ ವಿವರಗಳೇ ಪ್ರಮಾಣವಾದುವು. ಸ್ವೀಡನ್, ಐಸ್‌ಲ್ಯಾಂಡ್, ಡೆನ್ಮಾರ್ಕ್‌ಗಳ 7244 ರೋಗಿಗಳು ಇದರಲ್ಲಿ ಸೇರಿದರು. 2013ರಲ್ಲಿ ಪ್ರಕಟವಾದ ಫಲ ಇಷ್ಟೇ: ಮೂವತ್ತು ದಿನಗಳೊಳಗೆ ತೀರಿಕೊಂಡವರು ನಳಿಕೆಯ ಚಿಕಿತ್ಸೆ ಪಡೆದವರಲ್ಲಿ ಶೇ 2.8, ಪಡೆಯದವರಲ್ಲಿ ಶೇ 3.0. ಆಕಸ್ಮಿಕದಿಂದಲೇ ಉಂಟಾಗಬಹುದಾದಷ್ಟು ಅಲ್ಪವಾದ ಅಂತರವದು. ಒಂದು ವರ್ಷದ ಲೆಕ್ಕದಲ್ಲಿಯೂ ಸ್ಥಿತಿ ಬದಲಾಗಲಿಲ್ಲ.

ಪ್ರಯೋಜನವಿಲ್ಲದ ಚಿಕಿತ್ಸೆಯನ್ನು ನಿರಪಾಯವೆಂದು ಮುಂದುವರಿಸುವ ಮನೋಭಾವವನ್ನು ನಾನು ಒಪ್ಪಲಾರೆ. 2015ರಲ್ಲಿ ಫಲಿತಾಂಶ ಹೊರಬಿದ್ದ, ಹತ್ತು ಸಾವಿರಕ್ಕೂ ಮಿಕ್ಕಿದ ರೋಗಿಗಳ ಟೋಟಲ್ ಪರೀಕ್ಷೆಯಲ್ಲಿ, ನಳಿಕೆಯ ಚಿಕಿತ್ಸೆ ಪಡೆದವರಲ್ಲಿ ಪಾರ್ಶ್ವವಾಯುವಿನ ಪ್ರಮಾಣ ತುಸು ಹೆಚ್ಚಾಗಿಯೇ ಕಂಡಿತು. 2017ರ ಯುರೋಪಿನ ಹೃದ್ರೋಗ ಮಾರ್ಗಸೂಚಿಯು ಎಲ್ಲರಿಗೂ ವಾಡಿಕೆಯಾಗಿ ಹೆಪ್ಪು ಹೀರುವುದನ್ನು ನಿರಾಕರಿಸಿ, ಧಮನಿಯನ್ನು ತೆರೆದ ಮೇಲೆಯೂ ದೊಡ್ಡ ಹೆಪ್ಪು ಉಳಿದವರಿಗೆ ಮಾತ್ರ ಅದನ್ನು ಪರಿಗಣಿಸಬಹುದೆಂದು ವಿಧಿಸಿತು.