ಯಲಬುರ್ಗಾದ ಹೊಲದಲ್ಲಿ ಫೋನು ಬೇಗ ಖಾಲಿಯಾಗುವುದೇಕೆ?

'ಚಾರ್ಜ್ ನಿಂದ್ರವಲ್ದ್ರೀ' ಎಂಬ ದೂರು ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿ ಕಡೆಯ ಮೊಬೈಲ್ ರಿಪೇರಿ ಅಂಗಡಿಗಳಿಗೆ ಹೊಸದಲ್ಲ. ಆ ದೂರು ಹೊತ್ತು ಬರುವವರಲ್ಲಿ ಅನೇಕರಿಗೆ ಫೋನೇ ದಿನದ ಕೆಲಸದ ಸಲಕರಣೆ. ಉದ್ಯೋಗ ಖಾತ್ರಿ ಕಾಮಗಾರಿಯಲ್ಲಿ ಕೂಲಿಕಾರರ ಹಾಜರಿಯನ್ನು ಫೋಟೊ ಸಮೇತ ಹಾಕಲು 2021ರಲ್ಲಿ ಎನ್‌ಎಂಎಂಎಸ್ ಆ್ಯಪ್ ಬಂತು. 2023ರ ಜನವರಿ 1ರಿಂದ ಅದು ಕಡ್ಡಾಯವಾಯಿತು. ಬೆಳಿಗ್ಗೆ ಒಂದು ಫೋಟೊ, ಮಧ್ಯಾಹ್ನದ ಮೇಲೆ ಇನ್ನೊಂದು, ಎರಡರಲ್ಲೂ ಜಾಗದ ಗುರುತು ಇರಬೇಕು. ಅವನ್ನು ತೆಗೆಯುವುದು ಕೂಲಿ ಗುಂಪಿನ ಮುಂದಾಳಾದ ಕಾಯಕ ಬಂಧುವಿನ ಸ್ವಂತ ಫೋನು. ಅಂಗನವಾಡಿ ಕಾರ್ಯಕರ್ತೆಯರಿಗೆ 2021ರ ಮಾರ್ಚ್‌ನಿಂದ ಪೋಷಣ್ ಟ್ರ್ಯಾಕರ್ ಆ್ಯಪ್ ಇದೆ. ರೈತರಿಗೆ 2020ರ ಮುಂಗಾರಿನಿಂದ ತಮ್ಮ ಸರ್ವೆ ನಂಬರಿನ ಬೆಳೆಯನ್ನು ತಾವೇ ಫೋಟೊ ತೆಗೆದು ಕಳಿಸುವ ಬೆಳೆ ಸಮೀಕ್ಷೆ ಆ್ಯಪ್ ಬಂದಿದೆ. ಇವರ ಫೋನು ಮಧ್ಯಾಹ್ನಕ್ಕೆ ಆರಿಹೋದರೆ ನಷ್ಟವಾಗುವುದು ಯಾರದೋ ಒಂದು ದಿನದ ಕೂಲಿ, ಇಲ್ಲವೇ ಬೆಳೆ ವಿಮೆಯ ದಾಖಲೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಪರಿಹಾರ ಹೊಸ ಬ್ಯಾಟರಿ. ಹೊಸದು ಹಾಕಿದ ಮೇಲೂ ಹೊಲಕ್ಕೆ ಹೋದ ದಿನ ಫೋನು ಮತ್ತೆ ಬೇಗ ಇಳಿಯುತ್ತದೆ, ಮನೆಯಲ್ಲಿದ್ದ ದಿನ ಚೆನ್ನಾಗಿಯೇ ಇರುತ್ತದೆ. ಹೀಗಿದ್ದರೆ ಮೊದಲು ನೋಡಬೇಕಾದ್ದು ಫೋನಿನೊಳಗಿನ ರೇಡಿಯೊ.

ಫೋನು ಟವರಿನ ಮಾತನ್ನು ಕೇಳಿಸಿಕೊಂಡು ಸುಮ್ಮನಿರುವುದಿಲ್ಲ, ತಾನೂ ಮಾತಾಡುತ್ತದೆ. ಟವರಿನಿಂದ ಬಂದ ಅಲೆ ದಾರಿಯಲ್ಲಿ ಎಷ್ಟು ಸೋತಿದೆ ಎಂದು ಅಳೆದು, ತಾನು ಎಷ್ಟು ಜೋರಾಗಿ ಉತ್ತರಿಸಬೇಕೆಂದು ಲೆಕ್ಕ ಹಾಕುತ್ತದೆ. ಪಕ್ಕದ ಸಾಲಿನಲ್ಲಿ ಕಳೆ ಕೀಳುವವರ ಜೊತೆ ಮೆಲ್ಲಗೆ ಮಾತಾಡುವವರು ಆಚೆ ಬದುವಿನಲ್ಲಿರುವವರನ್ನು ಕರೆಯಲು ಕೂಗು ಹಾಕುವಂತೆ, ಟವರು ಹತ್ತಿರವಿದ್ದಾಗ ಫೋನಿಗೆ ಪಿಸುಮಾತು ಸಾಕು, ದೂರವಾದಾಗ ಗಂಟಲು ಹರಿಯುವಷ್ಟು ಕೂಗಬೇಕು. 4ಜಿ ಫೋನುಗಳು ಕೂಗಬಹುದಾದ ಮಿತಿ ಸಾಮಾನ್ಯವಾಗಿ 200 ಮಿಲಿವ್ಯಾಟ್. ಹಳೆಯ 2ಜಿಯಲ್ಲಿ, 900 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ಮಿತಿ 2 ವ್ಯಾಟ್‌ವರೆಗೂ ಇತ್ತು. ಸಂಖ್ಯೆ ಸಣ್ಣದೆನಿಸಿದರೂ, ಅಷ್ಟು ಶಕ್ತಿ ಆಂಟೆನಾದಿಂದ ಹೊರಬೀಳಬೇಕಾದರೆ ಬ್ಯಾಟರಿಯಿಂದ ಅದರ ಹಲವು ಪಟ್ಟು ಎಳೆಯಬೇಕು. ಉಳಿದದ್ದು ಶಾಖವಾಗುತ್ತದೆ. 'ಫೋನ್ ಕಾಯಾಕತ್ತೈತಿ' ಎನ್ನುವುದು ಈ ಶಾಖವನ್ನೂ ಸೇರಿಸಿಯೇ.

ಇದಕ್ಕಿಂತ ದೊಡ್ಡ ಖರ್ಚು ಸಮಯದ್ದು. ಸಿಗ್ನಲ್ ಕ್ಷೀಣವಾದಂತೆ ಫೋನು ನಿಧಾನಕ್ಕೆ, ಬಿಡಿಸಿ ಬಿಡಿಸಿ ಕಳಿಸುತ್ತದೆ. ತಲುಪದ ತುಣುಕನ್ನು ಮತ್ತೆ ಕಳಿಸುತ್ತದೆ. 2 ಎಂಬಿಯ ಒಂದು ಹಾಜರಿ ಫೋಟೊ, ಸೆಕೆಂಡಿಗೆ 20 ಮೆಗಾಬಿಟ್ ಏರಿಸುವ ಜಾಗದಲ್ಲಿ ಒಂದು ಸೆಕೆಂಡಿನೊಳಗೆ ಹೋಗಿಬಿಡುತ್ತದೆ. ವೇಗ 0.2 ಮೆಗಾಬಿಟ್‌ಗೆ ಇಳಿದರೆ ಅದೇ ಫೋಟೊಕ್ಕೆ 80 ಸೆಕೆಂಡು ಬೇಕು. ಆ 80 ಸೆಕೆಂಡೂ ರೇಡಿಯೊ ತನ್ನ ಗರಿಷ್ಠ ಬಲದಲ್ಲಿ ದುಡಿಯುತ್ತಿರುತ್ತದೆ. ಕಳಿಸುವುದು ಮುಗಿದ ಮೇಲೂ ಮುಂದಿನ ಮಾತು ಬಂದೀತೆಂದು ರೇಡಿಯೊ ಸುಮಾರು ಹತ್ತು ಸೆಕೆಂಡು ಎಚ್ಚರವಾಗಿಯೇ ಕಾಯುತ್ತದೆ. ಹಾಗಾಗಿ ಮೆಸೇಜ್ ಗುಂಪಿನಲ್ಲಿ ಒಂದೊಂದೇ 'ಶುಭೋದಯ' ಬಂದಾಗಲೂ ಅದಕ್ಕೆ ನಿದ್ದೆ ಇಲ್ಲ. ಸಿಗ್ನಲ್ ಪೂರ್ತಿ ಇಲ್ಲದ ಕಡೆ ಫೋನು ತನಗೆ ಗೊತ್ತಿರುವ ತರಂಗ ಪಟ್ಟಿಗಳನ್ನೆಲ್ಲ ಮತ್ತೆ ಮತ್ತೆ ಜಾಲಾಡುತ್ತದೆ. ನಾವು ಮುಟ್ಟದೆ ಜೇಬಿನಲ್ಲಿಟ್ಟುಕೊಂಡ ಫೋನು ಖಾಲಿಯಾಗುವುದು ಹೀಗೆ.

ಪರದೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲ ಕಂಪನಿಗಳಿಗೂ ಅನ್ವಯಿಸುವ ಒಂದೇ ಅಳತೆ ಇಲ್ಲ. ನಿಜವಾದ ಅಳತೆ ಫೋನಿನೊಳಗೇ ಇದೆ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಅಬೌಟ್ ಫೋನ್ ತೆರೆದು ಸಿಮ್ ಸ್ಟೇಟಸ್ ಒತ್ತಿದರೆ ಸಾಮಾನ್ಯವಾಗಿ 'ಸಿಗ್ನಲ್ ಸ್ಟ್ರೆಂತ್' ಎಂದು ಡಿಬಿಎಂ ಲೆಕ್ಕದಲ್ಲಿ ಒಂದು ಋಣ ಸಂಖ್ಯೆ ಕಾಣುತ್ತದೆ. ಐಫೋನಿನಲ್ಲಿ *3001#12345#* ಡಯಲ್ ಮಾಡಿದರೆ ಪರೀಕ್ಷಾ ಪುಟ ತೆರೆಯುತ್ತದೆ. ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ. 4ಜಿಯಲ್ಲಿ -80ರ ಆಸುಪಾಸು ಒಳ್ಳೆಯದು, -100ರಲ್ಲಿ ಕೆಲಸ ನಡೆಯುತ್ತದೆ, -110 ದಾಟಿದರೆ ಕಷ್ಟ, -120ಕ್ಕೆ ಕರೆಯೇ ನಿಲ್ಲದು. ಈ ಅಳತೆಯಲ್ಲಿ 10 ಇಳಿಯಿತೆಂದರೆ ಶಕ್ತಿ ಹತ್ತು ಪಟ್ಟು ಕಡಿಮೆಯಾಯಿತೆಂದು ಅರ್ಥ. ಊರೊಳಗೆ -85, ಹೊಲದಲ್ಲಿ -115 ಬಂದರೆ ನಡುವಿನ ವ್ಯತ್ಯಾಸ ಸಾವಿರ ಪಟ್ಟು! ಕಡ್ಡಿಗಳಲ್ಲಿ ಅದು ಎರಡೋ ಮೂರೋ ಕಡಿಮೆಯಾದಂತೆ ಕಂಡೀತು, ಅಷ್ಟೆ.

ಈ ಸಂಖ್ಯೆ ಹಿಡಿದು ಮನೆಯೊಳಗೆ ಓಡಾಡಿದರೆ ಬಹಳಷ್ಟು ತಿಳಿಯುತ್ತದೆ. ಈ ಸೀಮೆಯ ಮೇಲ್ಮುದ್ದೆ ಮನೆಗಳ ದಪ್ಪ ಗೋಡೆ ಮತ್ತು ಮಣ್ಣಿನ ಮಾಳಿಗೆ ಬೇಸಿಗೆಯ ಸೆಖೆಯನ್ನು ತಡೆಯುವಂತೆ ಅಲೆಗಳನ್ನೂ ನುಂಗುತ್ತವೆ. ತಗಡಿನ ಸೂರು ಅವನ್ನು ಹೊರಕ್ಕೇ ಹಿಂತಿರುಗಿಸುತ್ತದೆ. ಕಿಟಕಿಯ ಬಳಿಗೆ ಅಥವಾ ಪಡಸಾಲೆಗೆ ಬಂದರೆ ಹತ್ತಿಪ್ಪತ್ತು ಡಿಬಿ ಮರಳಿ ಸಿಗುವುದುಂಟು. ರಾತ್ರಿ ಫೋನನ್ನು ಒಳಕೋಣೆಯ ಗೂಡಿನಲ್ಲಿಡುವ ಬದಲು ಅಲ್ಲಿಡುವುದು ಖರ್ಚಿಲ್ಲದ ಉಪಾಯ. ಮನೆಯ ಹೊರಗೆ, ಯಲಬುರ್ಗಾದ ಎರೆ ಬಯಲಿನಲ್ಲಿ ಅಡ್ಡ ಬರುವುದು ಹೆಚ್ಚಾಗಿ ದೂರವೊಂದೇ. ಆನೆಗೊಂದಿ, ಗಂಗಾವತಿ ಕಡೆಯ ಬಂಡೆಗಲ್ಲಿನ ಗುಡ್ಡಗಳ ಹಿಂದೆ ಟವರು ಹತ್ತಿರವಿದ್ದರೂ ಸಿಗ್ನಲ್‌ಗೆ ನೆರಳು ಬೀಳುತ್ತದೆ. 700, 850, 900 ಮೆಗಾಹರ್ಟ್ಸ್‌ನ ಉದ್ದನೆಯ ಅಲೆಗಳು ಗಿಡ, ಗೋಡೆ, ದೂರವನ್ನು ತಾಳಿಕೊಳ್ಳುವಷ್ಟು 5ಜಿಯ 3500 ಮೆಗಾಹರ್ಟ್ಸ್ ಅಲೆಗಳು ತಾಳವು. ಆದ್ದರಿಂದ 5ಜಿ ಒಮ್ಮೆ ಬಂದು ಒಮ್ಮೆ ಹೋಗುವ ಊರಿನಲ್ಲಿ ಸೆಟ್ಟಿಂಗ್ಸ್‌ನಲ್ಲಿ 4ಜಿಯನ್ನೇ ಆಯ್ದಿಡುವುದು ಲೇಸು.

ಇನ್ನು ಎರಡನೇ ಸಿಮ್ಮು. ಒಂದು ಕಂಪನಿಯದು ಕರೆಗೆ, ಇನ್ನೊಂದು ಬ್ಯಾಂಕಿನ ಒಟಿಪಿಗೆ ಎಂದು ಎರಡು ಹಾಕಿಕೊಳ್ಳುವವರು ಅನೇಕರು. ಅವುಗಳಲ್ಲೊಂದಕ್ಕೆ ಆ ಊರಿನಲ್ಲಿ ಸಿಗ್ನಲ್ ಇಲ್ಲದಿದ್ದರೆ, ಮೊದಲ ಸಿಮ್ಮಿನ ಕಡ್ಡಿಗಳು ತುಂಬಿದ್ದರೂ ಎರಡನೆಯದು ಒಳಗೊಳಗೇ ಟವರು ಹುಡುಕುತ್ತ ಬ್ಯಾಟರಿ ತಿನ್ನುತ್ತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿ, ಬೇಕಾದಾಗ ಆನ್ ಮಾಡಿಕೊಂಡರಾಯಿತು. ನನ್ನ ಮಟ್ಟಿಗೆ, ಹಳ್ಳಿಗಳಲ್ಲಿ ಇದೊಂದನ್ನು ಸರಿಪಡಿಸಿದರೆ ಎಷ್ಟೋ ಬ್ಯಾಟರಿಗಳು ವ್ಯರ್ಥವಾಗಿ ಬದಲಾಗುವುದು ತಪ್ಪುತ್ತದೆ. ಸಿಮ್ಮು ಸರಿಯಿದ್ದರೂ, ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ ಊರಿನ ಫೋನುಗಳೆಲ್ಲ ಒಮ್ಮೆಲೇ ಪಕ್ಕದೂರಿನ ಟವರಿಗೆ ನೇತುಬೀಳುತ್ತವೆ. ಆ ಸಂಜೆ ಎಲ್ಲರ ಚಾರ್ಜೂ ಓಡಿದರೆ ಕಾರಣ ಫೋನುಗಳಲ್ಲಿಲ್ಲ.

ತಪ್ಪು ಯಾರದೆಂದು ಪತ್ತೆ ಮಾಡಲು ಎರಡು ರಾತ್ರಿ ಸಾಕು. ಮೊದಲ ರಾತ್ರಿ ಫೋನನ್ನು ಎಂದಿನಂತೆ ಇಟ್ಟು ಮಲಗುವಾಗ ಮತ್ತು ಏಳುವಾಗ ಚಾರ್ಜ್ ಎಷ್ಟಿತ್ತೆಂದು ಬರೆದಿಡಿ. ಮರುದಿನ ರಾತ್ರಿ ಅದೇ ಜಾಗದಲ್ಲಿ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಆಫ್ ಮಾಡಿ, ಮತ್ತೆ ಬರೆಯಿರಿ. ಎರಡನೇ ರಾತ್ರಿ ಇಳಿತ ತೀರ ಕಡಿಮೆಯಾಗಿ ಮೊದಲ ರಾತ್ರಿ ಬಹಳವಾಗಿದ್ದರೆ ಕಾರಣವನ್ನು ನೆಟ್‌ವರ್ಕಿನಲ್ಲಿ ಅಥವಾ ಅದನ್ನು ಸದಾ ಕೆಣಕುವ ಆ್ಯಪ್‌ಗಳಲ್ಲಿ ಹುಡುಕಬೇಕು. ಬ್ಯಾಟರಿ ಬಳಕೆಯ ಪುಟದಲ್ಲಿ 'ಮೊಬೈಲ್ ನೆಟ್‌ವರ್ಕ್' ಎಂಬ ಸಾಲು ಮೇಲೆ ಕುಳಿತಿದ್ದರೆ ನೆಟ್‌ವರ್ಕೇ ಎಂಬ ಸಂಭವ ಹೆಚ್ಚು. ಎರಡೂ ರಾತ್ರಿ ಒಂದೇ ರೀತಿ ಇಳಿದರೆ ಮಾತ್ರ ಬ್ಯಾಟರಿಯನ್ನು ಅನುಮಾನಿಸಿ.

ಹೊಲದಲ್ಲಿ ಇನ್ನೊಂದು ತೊಡಕಿದೆ. ಜಾಗದ ಗುರುತಿಗೆ ಫೋನು ಜಿಪಿಎಸ್ ಉಪಗ್ರಹಗಳನ್ನು ಕೇಳಬೇಕು. ಪ್ರತಿ ಉಪಗ್ರಹವೂ ತಾನೆಲ್ಲಿದ್ದೇನೆಂಬ ವಿವರವನ್ನು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ, 30 ಸೆಕೆಂಡಿಗೊಮ್ಮೆ ಹೇಳುತ್ತಿರುತ್ತದೆ. ಇಂಟರ್ನೆಟ್ ಇದ್ದರೆ ಫೋನು ಆ ವಿವರವನ್ನು ಟವರಿನ ಮೂಲಕ ಥಟ್ಟನೆ ಪಡೆಯುತ್ತದೆ. ಇಲ್ಲದಿದ್ದರೆ ಆಕಾಶದಿಂದಲೇ ಕೇಳಿಸಿಕೊಳ್ಳಬೇಕು, ನಡುವೆ ತಪ್ಪಿದರೆ ಮತ್ತೆ ಕಾಯಬೇಕು. ಅಷ್ಟು ಹೊತ್ತೂ ಬಿಸಿಲಿಗೆ ಕಾಣಲೆಂದು ಪರದೆಯ ಬೆಳಕು ಪೂರ್ತಿ ಏರಿರುತ್ತದೆ, ಕ್ಯಾಮೆರಾ ತೆರೆದಿರುತ್ತದೆ. ಬೆಳೆ ಸಮೀಕ್ಷೆಗೆ ಹೊರಡುವ ಮುನ್ನ ಊರಲ್ಲೇ, ಸಿಗ್ನಲ್ ಇರುವ ಕಡೆ, ಬಯಲಿನಲ್ಲಿ ನಿಂತು ನಕ್ಷೆಯ ಆ್ಯಪ್ ತೆರೆದು ತಮ್ಮ ಜಾಗ ಕಾಣುವವರೆಗೆ ಕಾದರೆ, ಆ ಉಪಗ್ರಹ ವಿವರ ಸುಮಾರು 4 ಗಂಟೆ ಕೆಲಸಕ್ಕೆ ಬರುತ್ತದೆ. ಎನ್‌ಎಂಎಂಎಸ್‌ನಲ್ಲಿ ಫೋಟೊವನ್ನು ಫೋನಿನಲ್ಲೇ ಉಳಿಸಿ ನೆಟ್‌ವರ್ಕ್ ಸಿಕ್ಕಾಗ ಏರಿಸಲು ಅವಕಾಶವಿದೆ. ಕಾಮಗಾರಿ ಜಾಗದಲ್ಲಿ -115 ಕಂಡರೆ ಅಲ್ಲೇ ಹೆಣಗುವುದಕ್ಕಿಂತ ಊರಿಗೆ ಬಂದು ಏರಿಸುವುದು ಒಳಿತು.

ಬ್ಯಾಟರಿ ನಿಜಕ್ಕೂ ಸಾಯುವುದು ಶಾಖದಿಂದ. ಫೋನಿನಲ್ಲಿರುವ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು 1991ರಲ್ಲಿ ಸೋನಿ. ಅದರ ಹಿಂದಿನ ದುಡಿಮೆಗೆ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೊಶಿನೊ ಅವರಿಗೆ 2019ರ ನೊಬೆಲ್ ಬಂತು. ಚಾರ್ಜ್ ಮಾಡಿದಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳೊಳಗೆ ಹೋಗಿ ಕೂರುತ್ತವೆ, ಬಳಸುವಾಗ ಮರಳುತ್ತವೆ. ಪ್ರತಿ ಓಡಾಟದಲ್ಲೂ ಒಂದಿಷ್ಟು ಲಿಥಿಯಂ ಗ್ರಾಫೈಟಿನ ಮೇಲಿನ ತೆಳು ಪೊರೆಯಲ್ಲಿ ಸಿಕ್ಕಿಬಿದ್ದು ಶಾಶ್ವತವಾಗಿ ನಷ್ಟವಾಗುತ್ತದೆ. ಶಾಖ ಹೆಚ್ಚಿದಂತೆ ಪೊರೆ ಬೇಗ ದಪ್ಪವಾಗುತ್ತದೆ, ಬ್ಯಾಟರಿ ತುಂಬಿದ್ದಾಗಲಂತೂ ಇನ್ನೂ ಬೇಗ. ಫೋನನ್ನು 35 ಡಿಗ್ರಿಯೊಳಗಿನ ಹವೆಯಲ್ಲಿ ಬಳಸಬೇಕೆಂದು ಆ್ಯಪಲ್ ಹೇಳುತ್ತದೆ. ಕೊಪ್ಪಳ ಜಿಲ್ಲೆಯ ಬೇಸಿಗೆಯಲ್ಲಿ ಉಷ್ಣಾಂಶ 40ರ ಸುತ್ತ ಆಡುತ್ತದೆ. ಹಳೆಯ ಬ್ಯಾಟರಿಯೊಳಗೆ ವಿದ್ಯುತ್ತಿಗೆ ತಡೆ ಬೆಳೆದಿರುತ್ತದೆ. ಕ್ಯಾಮೆರಾ, ಜಿಪಿಎಸ್, ರೇಡಿಯೊ ಒಟ್ಟಿಗೆ ಎಳೆದ ಕ್ಷಣ ವೋಲ್ಟೇಜ್ ಕುಸಿದು, 25 ಪರ್ಸೆಂಟ್ ತೋರಿಸುತ್ತಿದ್ದ ಫೋನು ಸಟ್ಟನೆ ಆರುತ್ತದೆ. ಇದಾದರೆ ಬ್ಯಾಟರಿ ಬದಲಿಸಲೇಬೇಕು. ಉಬ್ಬಿದ ಬ್ಯಾಟರಿಯನ್ನು ಒಂದು ದಿನವೂ ಇಟ್ಟುಕೊಳ್ಳಬಾರದು. 80 ಪರ್ಸೆಂಟ್‌ಗೆ ಚಾರ್ಜ್ ನಿಲ್ಲಿಸುವ ಆಯ್ಕೆ ಫೋನಿನಲ್ಲಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಹಾಕಿಡಿ. ಬಿಸಿಯಾದ ಫೋನನ್ನು ನೆರಳಿನಲ್ಲಿಡಿ, ಫ್ರಿಜ್‌ನಲ್ಲಿ ಇಡಬೇಡಿ: ಒಳಗೆ ಹನಿಗಟ್ಟುತ್ತದೆ.

ನಮ್ಮ ಹವೆಗೆ ತಕ್ಕ ಯಂತ್ರ ಮಾಡಲು ಬರುವುದಿಲ್ಲವೆಂದೇನಿಲ್ಲ. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ. ಧೂಳು, ಸೆಖೆ ತಡೆದುಕೊಂಡು ಏರ್ ಕಂಡಿಷನ್ ಇಲ್ಲದೆ ನಡೆಯಬೇಕೆಂದೇ ಅದನ್ನು ಮಾಡಿದ್ದರು. ಅದೇ ಸಿ-ಡಾಟ್‌ನ ಕೋರ್ (ಜಾಲದ ಕೇಂದ್ರ ವ್ಯವಸ್ಥೆ), ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನ ರೇಡಿಯೊ ಸೇರಿ ಆದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾಯಿತು. ಹಳ್ಳಿಯ ನೆಲವನ್ನು ಮನಸ್ಸಿನಲ್ಲಿಟ್ಟ ಆ ಯೋಚನೆ ಅಗ್ಗದ ಫೋನುಗಳ ತಯಾರಿಕೆಯಲ್ಲೂ ಬರಬೇಕು.

ಕೊನೆಯ ಕೊಂಡಿ ಸಾಫ್ಟ್‌ವೇರ್. ಟವರಿನ ಜೊತೆ ಮಾತಾಡುವ ಮೋಡೆಮ್ ಚಿಪ್ಪಿಗೆ ತನ್ನದೇ ಕ್ರಮವಿಧಿ ಇದೆ. ಯಾವ ಪಟ್ಟಿಯನ್ನು ಮೊದಲು ಹುಡುಕಬೇಕು, ಯಾವಾಗ ನಿದ್ದೆ ಹೋಗಬೇಕು ಎಂಬುದೆಲ್ಲ ಅದರಲ್ಲಿದೆ. ಅದರ ತಿದ್ದುಪಡಿ ಬರುವುದು ಅಪ್‌ಡೇಟ್ ಮೂಲಕ. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಶುರುವಾದಾಗ ಇದು ಎಲ್ಲರಿಗೂ ಕಂಡಿತು: 5ಜಿ ಎಂದು ಬರೆದಿದ್ದ ಎಷ್ಟೋ ದುಬಾರಿ ಫೋನುಗಳು 5ಜಿ ಹಿಡಿಯಲೇ ಇಲ್ಲ. ಯಂತ್ರದಲ್ಲಿ ಎಲ್ಲವೂ ಇತ್ತು, ಅಪ್‌ಡೇಟ್ ಬಂದಿರಲಿಲ್ಲ. ಐಫೋನುಗಳಿಗೆ ಅದು ಸಿಕ್ಕಿದ್ದು ಡಿಸೆಂಬರಿನಲ್ಲಿ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಮಾಡಿದ ತಿದ್ದುಪಡಿ ಚಿಪ್ ಕಂಪನಿ, ಫೋನ್ ಕಂಪನಿ, ಕೆಲವೊಮ್ಮೆ ನೆಟ್‌ವರ್ಕ್ ಕಂಪನಿಯ ಪರೀಕ್ಷೆ ದಾಟಿ ಬರಬೇಕು. ಬಂದ ಮೇಲೂ ದೋಷವಿದ್ದರೆ ಎಲ್ಲರಿಗೂ ಹರಡದಿರಲೆಂದು ಕಂತು ಕಂತಾಗಿ ಬಿಡುತ್ತಾರೆ.

ಹಳ್ಳಿಯಲ್ಲಿ ಇದಕ್ಕೆ ಇನ್ನಷ್ಟು ತಡೆ ಸೇರುತ್ತದೆ. ಅನೇಕ ಫೋನುಗಳು ಅಪ್‌ಡೇಟ್ ಇಳಿಸಿಕೊಳ್ಳಲು ವೈಫೈ ಸಿಗಲೆಂದು, ಚಾರ್ಜ್ ಸಾಕಷ್ಟಿರಲೆಂದು, ಜಾಗ ಖಾಲಿಯಾಗಲೆಂದು ಕಾಯುತ್ತವೆ. ಮೂರೂ ಕೂಡಿಬರದ ಫೋನು ತಿಂಗಳುಗಟ್ಟಲೆ ಹಳೆಯದರಲ್ಲೇ ಉಳಿಯುತ್ತದೆ. ತಾಲ್ಲೂಕು ಕೇಂದ್ರಕ್ಕೆ ಹೋದಾಗ, ಒಳ್ಳೆಯ ಸಿಗ್ನಲ್ ಸಿಕ್ಕಲ್ಲಿ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ ಅಪ್‌ಡೇಟ್ ತೆರೆದು ಮೊಬೈಲ್ ಡೇಟಾದಿಂದಲೇ ಇಳಿಸಿ, ರಾತ್ರಿ ಚಾರ್ಜಿಗೆ ಹಾಕಿ ಇನ್‌ಸ್ಟಾಲ್ ಮಾಡಿ. ಅದಾದ ಒಂದೆರಡು ದಿನ ಫೋನು ಒಳಗೆ ಆ್ಯಪ್‌ಗಳನ್ನು ಮರುಜೋಡಿಸುವುದರಿಂದ ಬಿಸಿಯಾಗಿ ಬೇಗ ಇಳಿಯಬಹುದು. ಅಷ್ಟಕ್ಕೇ ಗಾಬರಿ ಬೇಡ. ಅಗ್ಗದ ಫೋನುಗಳಿಗೆ ಎರಡು ಮೂರು ವರ್ಷಕ್ಕೆ ಅಪ್‌ಡೇಟ್ ನಿಂತುಹೋಗುವುದು ಸಾಮಾನ್ಯ, ಆದರೆ ಸರ್ಕಾರಿ ಆ್ಯಪ್‌ಗಳು ವರ್ಷವರ್ಷಕ್ಕೂ ಭಾರವಾಗುತ್ತವೆ. ಪೋಷಣ್ ಟ್ರ್ಯಾಕರ್‌ಗೆ ಈಗ ಮುಖ ಗುರುತಿಸುವ ಕೆಲಸವೂ ಸೇರಿದೆ. ಆ್ಯಪ್ ಕಡ್ಡಾಯ ಮಾಡುವ ಇಲಾಖೆ ಅದನ್ನು ಹೊರಬಲ್ಲ ಫೋನನ್ನೂ ಕೊಡಬೇಕು, ಆ ಜಾಗದಲ್ಲಿ ಸಿಗ್ನಲ್ ಇದೆಯೇ ಎಂದು ಮೊದಲೇ ಅಳೆಯಬೇಕು. ಹಾಜರಿ ಬೀಳದಿದ್ದರೆ ಕಾಯಕ ಬಂಧುವನ್ನು ಬೈಯುವುದು ಅನ್ಯಾಯ.

ಅಳೆಯುವ ದಾರಿ ಈಗ ಇದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಆಗಸ್ಟ್‌ನಲ್ಲಿ ಹೊರಡಿಸಿದ ನಿಯಮದಂತೆ ಮೊಬೈಲ್ ಕಂಪನಿಗಳು ಎಲ್ಲೆಲ್ಲಿ ತಮ್ಮ ಸೇವೆ ಇದೆ ಎಂಬ ನಕ್ಷೆಯನ್ನು ಸಾರ್ವಜನಿಕವಾಗಿ ತೋರಿಸಬೇಕು. ನಕ್ಷೆಯಲ್ಲಿ ನಿಮ್ಮ ಹೊಲಕ್ಕೆ ಸೇವೆ ಇದೆಯೆಂದು ಬಣ್ಣ ಬಳಿದಿದ್ದು, ಅಲ್ಲಿ ನಿಂತಾಗ ಫೋನು -118 ತೋರಿಸಿದರೆ ಆ ಪರದೆಯ ಚಿತ್ರ ತೆಗೆದಿಟ್ಟು, ದಿನಾಂಕ, ಹೊತ್ತು, ಸರ್ವೆ ನಂಬರು ಬರೆದು ಕಂಪನಿಯ ದೂರು ಕೇಂದ್ರಕ್ಕೆ ಕೊಡಿ. ಅವರು ದೂರಿಗೆ ಒಂದು ಸಂಖ್ಯೆ ಕೊಡಲೇಬೇಕು. ಉತ್ತರ ಸರಿಯೆನಿಸದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಒಬ್ಬರ ದೂರಿಗಿಂತ ಒಂದೇ ಬಯಲಿನ ಹತ್ತು ಹೊಲಗಳ ಹತ್ತು ಸಂಖ್ಯೆಗಳನ್ನು ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿದರೆ ಟವರು ಬೇಕೆಂಬ ಬೇಡಿಕೆಗೆ ಆಧಾರ ಸಿಗುತ್ತದೆ.